ಮಾದಜ್ಜಿ ಸತ್ತು ದಿಬ್ಬಣ ಉಳಿಸಿದ್ದು

ಒಂದೂರು ಇತ್ತಂತೆ. ಊರಿನ ಹೆಸರು ಹೇಳಿದರೆ ಅಲ್ಲಿಯವರಿಗೆ ಮುನಿಸು ಬರುತ್ತೆ, ಅದಕ್ಕೇ ಹೇಳೋದಿಲ್ಲ. ಆ ಊರಲ್ಲಿ ಮಾದಜ್ಜಿ ಅಂತ ಒಬ್ಬ ಮುದುಕಿ. ಅವಳಿಗೆ ಹಿಂದಿಲ್ಲ ಮುಂದಿಲ್ಲ, ಇದ್ದವನು ಜವರೇಗ ಅನ್ನೋ ಮೊಮ್ಮಗ ಒಬ್ಬನೇ. ಅವನಿಗೆ ಏಳು ಗುಡ್ಡದಾಚೆ ಹೆಣ್ಣು ಗೊತ್ತಾಯಿತಂತೆ. ನಡುವೆ ಇರೋದೆಲ್ಲ ಕಾಡು.

ದಿಬ್ಬಣ ಹೊರಡೋಕೆ ಊರವರು ಏಳು ದಿನ ಕೂತು ಮಾತಾಡಿದರಂತೆ. ಎಲೆಅಡಿಕೆ ತಟ್ಟೆ ಯಾರು ಹಿಡಿಯಬೇಕು, ಮೊದಲ ಪಂಕ್ತಿಗೆ ಯಾರು ಕೂರಬೇಕು, ಯಾವ ಭಾವನನ್ನು ಮೊದಲು ಕರೆಯದಿದ್ದರೆ ಸಿಟ್ಟಾಗುತ್ತಾನೆ, ಎಲ್ಲ ತೀರ್ಮಾನ ಆಯಿತು. ಏಳನೇ ದಿನ ಮಾದಜ್ಜಿ ಒಂದೇ ಒಂದು ಮಾತು ಕೇಳಿದಳು: "ಅಲ್ಲ ಕಣ್ರಪ್ಪ, ಕಾಡಲ್ಲಿ ದಾರಿ ತಪ್ಪಿದ್ರೆ ಏನ್ ಮಾಡೋದು?"

ಊರ ಯಜಮಾನ ಬೆಟ್ಟಯ್ಯ ಉರಿದುಬಿದ್ದ. "ಒಳ್ಳೆ ಕೆಲಸಕ್ಕೆ ಹೊರಟಾಗ ಎಂಥಾ ಮಾತು ಆಡ್ತೀಯಮ್ಮ! ಬಾಯ್ಮುಚ್ಕೊಂಡು ಕೂತ್ಕೊ."

ದಾರಿಗೆ ಅಂತ ಯಾರೂ ಬುತ್ತಿ ಕಟ್ಟಲಿಲ್ಲವಂತೆ. ಬೀಗರ ಮನೆಗೆ ಹೋಗುವಾಗ ಸ್ವಂತ ಬುತ್ತಿ ಹೊತ್ತರೆ ಬೀಗರಿಗೆ ಅವಮಾನ, ಅದು ಅವರ ಪದ್ಧತಿ. ಮೂರು ಏಳು ಇಪ್ಪತ್ತೊಂದು ಜನ, ಎರಡೇ ಎರಡು ಸೋರೆಬುರುಡೆ ನೀರು, ಮುಂದೆ ತಮಟೆ ರಾಚ. ಹೊರಟರು.

ಹಿಂದಿನ ವಾರವಷ್ಟೇ ಕಾಡಿಗೆ ಬೆಂಕಿ ಬಿದ್ದು ಕಾಲುದಾರಿಯೆಲ್ಲ ಬೂದಿಯಾಗಿತ್ತಂತೆ. ಆರನೇ ಗುಡ್ಡ ದಾಟುವಾಗ ಯಾವುದು ದಾರಿ, ಯಾವುದು ಕಾಡು, ಒಂದೂ ತಿಳಿಯಲಿಲ್ಲ. ನೀರು ಅಲ್ಲಿಗೇ ಮುಗಿದಿತ್ತು. ಬೆಟ್ಟಯ್ಯ ಒಂದು ದೊಡ್ಡ ಮತ್ತಿಮರದ ಕೆಳಗೆ ನಿಂತು ಅಪ್ಪಣೆ ಮಾಡಿದ: "ದಾರಿ ಹುಡುಕ್ತಾ ಏಳು ಜನ ಮೂಡಲಿಗೆ ಹೋಗಿ, ಏಳು ಜನ ಪಡುವಲಿಗೆ ಹೋಗಿ. ನಾವು ಏಳು ಜನ ಇಲ್ಲಿರ್ತೀವಿ. ರಾಚ ತಮಟೆ ಬಾರಿಸ್ತಾನೆ, ಆ ಸದ್ದು ಹಿಡಿದು ವಾಪಸ್ ಬನ್ನಿ."

ಕೇಳೋಕೆ ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಮದುಮಗ ಜವರೇಗ ಮೂಡಲಿಗೆ ಹೋದ.

ಆದರೆ ಆ ಊರಲ್ಲಿ ಇನ್ನೊಂದು ಪದ್ಧತಿ ಇತ್ತಂತೆ. ಮದುವೆಯ ತಮಟೆ ನಡೆಯುತ್ತಲೇ ಇರಬೇಕು. ಕೂತು ಬಾರಿಸೋದು ಹೆಣದ ಮುಂದೆ ಮಾತ್ರ. ಹಾಗಾಗಿ ರಾಚ ಬಾರಿಸಿದ, ಬಾರಿಸುತ್ತಾ ನಡೆದ. ತಮಟೆ ನಡೆದ ಮೇಲೆ ದಿಬ್ಬಣ ನಿಲ್ಲೋದುಂಟೆ? ಉಳಿದವರೂ ಹಿಂದೆಯೇ ನಡೆದರು.

ಮೂಡಲಿನವರು ಮರಕ್ಕೆ ಬಂದರು, ಮರದಡಿ ಯಾರೂ ಇಲ್ಲ. ತಮಟೆ ಬಡಗಲಲ್ಲಿ ಕೇಳಿಸಿತು, ಬಡಗಲಿಗೆ ಓಡಿದರು. ಅಷ್ಟರಲ್ಲಿ ತಮಟೆ ತೆಂಕಲಲ್ಲಿ. ಪಡುವಲಿನವರು ಬಂದರು, ಅವರು ತೆಂಕಲಿಗೆ ಓಡಿದರು. ಅವರನ್ನು ಹುಡುಕೋಕೆ ಬೆಟ್ಟಯ್ಯ ಇಬ್ಬರನ್ನು ಕಳಿಸಿದ. ಆ ಇಬ್ಬರನ್ನು ಹುಡುಕೋಕೆ ಇನ್ನಿಬ್ಬರು. ಕಡೆಗೆ ತಾನೇ ಹೊರಟ. ಹುಡುಕುವವರು ಯಾರು, ಕಳೆದುಹೋದವರು ಯಾರು ಅಂತ ಹೇಳೋ ನನಗೇ ತಲೆ ಕೆಟ್ಟುಹೋಗುತ್ತೆ, ಪಾಪ ಅವರಿಗೆ ಹೇಗಾಗಿರಬೇಡ!

ಎರಡನೇ ದಿನಕ್ಕೆ ಉಳಿದವರು ರಾಚ ಮತ್ತು ಮಾದಜ್ಜಿ, ಇಬ್ಬರೇ. ಹಿಂದಿನ ಸಂಜೆ ದೂರದಿಂದ "ಅಜ್ಜೀ" ಅಂತ ಜವರೇಗನ ಕೂಗು ಗಟ್ಟಿಯಾಗಿ ಕೇಳಿತ್ತು. ಬೆಳಿಗ್ಗೆ ಸಣ್ಣಗೆ ಕೇಳಿತು. ಮಧ್ಯಾಹ್ನ ಕೇಳಲೇ ಇಲ್ಲ. ಅಜ್ಜಿ ಎದುರಿಗೆ ಕಂಡ ಮರದ ಬುಡದಲ್ಲಿ ಕುಸಿದು ಕೂತಳು.

"ರಾಚ, ನೀನೂ ಕೂತ್ಕೊ ಮಗ. ಕೂತು ಬಾರ್ಸು. ಸದ್ದು ಒಂದ್ಕಡೆ ನಿಂತ್ರೆ ಹುಡುಗ ಬತ್ತಾನೆ."

"ಅಯ್ಯೋ ಅವ್ವ, ಕೂತು ಬಾರ್ಸೋದು ಸಾವಿಗೆ. ಹೆಣ ಇಲ್ದೆ ಹೆಂಗ್ ಬಾರ್ಸಲಿ?"

"ಹೆಣ ತಾನೆ ಬೇಕು? ನಾನ್ ಸಾಯ್ತೀನಿ."

"ಬಿಡ್ತು ಅನ್ನು! ಸುಮ್ಸುಮ್ನೆ ಬಾರ್ಸಿದ್ರೆ ದಿಟವಾಗ್ಲೂ ಹೆಣ ಬೀಳ್ತದಂತೆ."

"ಬೀಳ್ಲಿ, ನಂದೇ ಬೀಳ್ಲಿ. ಜವರೇಗನ್ದು ಬೀಳದಿದ್ರೆ ಸಾಕು." ಹಾಗಂದವಳೇ ಅಜ್ಜಿ ಉದ್ದಕ್ಕೆ ಮಲಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳಂತೆ.

ರಾಚ ಅಳುತ್ತಾ ಕೂತ. ಅಳುತ್ತಾ ಸಾವಿನ ತಮಟೆ ಬಾರಿಸಿದ. ಅಜ್ಜಿಯ ಕಾಲಿಗೆ ಕೆಂಜಿಗ ಕಚ್ಚಿತು, ಅಜ್ಜಿ ಕಾಲು ಕೊಡವಿದಳು. "ಅಲ್ಲಾಡಬ್ಯಾಡವ್ವ, ನನ್ ಕೈ ತಪ್ತದೆ" ಅಂತ ರಾಚ ಗದರಿದ.

ಮದುವೆಯ ತಮಟೆಗೆ ನಿಧಾನವಾಗಿ ಬಂದರೂ ನಡೆಯುತ್ತೆ. ಸಾವಿನ ತಮಟೆ ಕೇಳಿದ ಮೇಲೆ ಕೂರೋಕಾಗುತ್ತಾ? ಬಿದ್ದವರು ಎದ್ದರು, ಕೂತವರು ಓಡಿದರು. ಸದ್ದು ಒಂದೇ ಕಡೆ ನಿಂತಿತ್ತಲ್ಲ, ಒಬ್ಬೊಬ್ಬರಾಗಿ ಅದೇ ಮರಕ್ಕೆ ಬಂದರು. ಬೆಟ್ಟಯ್ಯ ಬಂದವನೇ ಎದೆ ಬಡಿದುಕೊಂಡ: "ಎಂಥಾ ಹೆಂಗಸು! ಏಳೂರಲ್ಲೂ ಇಂಥಾ ಬುದ್ಧಿವಂತೆ ಇರ್ಲಿಲ್ವಲ್ಲಪ್ಪೋ!"

ಸೆರಗಿನೊಳಗೆ ಅಜ್ಜಿ ಒಂದೊಂದೇ ದನಿ ಎಣಿಸುತ್ತಿದ್ದಳು. ಇವನು ಬಂದ, ಅವನು ಬಂದ, ಹೆಚ್ಚುಕಮ್ಮಿ ಎಲ್ಲರೂ ಬಂದರು, ಜವರೇಗನ ದನಿ ಇಲ್ಲ. ಅವಳು ಉಸಿರು ಹಿಡಿದು ಮಲಗಿಯೇ ಇದ್ದಳು. ಆಮೇಲೆ ಯಾರೋ ಇಬ್ಬರು ಒಬ್ಬನನ್ನು ಹೆಗಲ ಮೇಲೆ ಹೊತ್ತು ತಂದರು. ಒಣಗಿದ ಗಂಟಲಿಂದ "ಅಜ್ಜೀ" ಅಂತ ಸದ್ದು ಬಂತು.

ಅಜ್ಜಿ ದಡಕ್ಕನೆ ಎದ್ದು ಕೂತಳು.

ಅಯ್ಯಯ್ಯೋ, ಆಮೇಲೆ ನೋಡಬೇಕಿತ್ತು! "ದೆವ್ವ! ದೆವ್ವ!" ಅಂತ ಅರ್ಧ ದಿಬ್ಬಣ ಎದ್ದು ಓಡಿತು, ಬೆಟ್ಟಯ್ಯನೇ ಎಲ್ಲರಿಗಿಂತ ಮುಂದೆ. "ಹಿಡೀರೋ ಅವರ್ನ, ಮತ್ತೆ ಕಳೆದೋಗ್ತಾರೆ!" ಅಂತ ಅಜ್ಜಿ ಕೂಗಿದಳು.

ಓಡಿದವರನ್ನು ಗುಡ್ಡದ ಆ ಕಡೆಯಿಂದ ಬರುತ್ತಿದ್ದವರು ಹಿಡಿದರಂತೆ. ಯಾರಂತೀರಿ? ಹೆಣ್ಣಿನ ಊರಿನವರು! ಸಾವಾದ ಕಡೆ ಒಲೆ ಹಚ್ಚೋ ಹಾಗಿಲ್ಲ, ನೆರೆಯವರೇ ಗಂಜಿ ಹೊರಬೇಕು. ಆ ಪದ್ಧತಿ ಅವರಲ್ಲೂ ಇತ್ತು. ತಮಟೆ ಕೇಳಿದ ಕೂಡಲೇ ಮಡಕೆ ಮಡಕೆ ಗಂಜಿ, ಕೊಡ ಕೊಡ ನೀರು ಹೊತ್ತು ಬಂದಿದ್ದರು.

"ಎರಡು ದಿನದಿಂದ ಮದುವೆ ತಮಟೆ ಕೇಳ್ತಾನೇ ಇತ್ತು," ಅಂದ ಹೆಣ್ಣಿನ ಅಪ್ಪ. "ದಿಬ್ಬಣ ಕುಣೀತಾ ಕುಣೀತಾ ನಿಧಾನಕ್ಕೆ ಬತ್ತಾ ಅದೆ ಅಂತ ನಾವು ಪಾಯಸ ಕಾಯಿಸ್ಕೊಂಡು ಕೂತಿದ್ವಿ. ಅದ್ಸರಿ, ಸತ್ತೋರು ಯಾರು?"

"ನಾನೇ ಕಣಪ್ಪ," ಅಂದಳು ಮಾದಜ್ಜಿ. "ಮೊದ್ಲು ಹುಡುಗನಿಗೆ ನೀರು ಕೊಡಿ."

ಮದುವೆ ಚೆನ್ನಾಗಿಯೇ ಆಯಿತಂತೆ. ಆವತ್ತಿಂದ ಆ ಊರವರು ಕಾಡಿಗೆ ಹೊರಡುವ ಮುಂಚೆ ಯಜಮಾನ ಎಲ್ಲರನ್ನೂ ನಿಲ್ಲಿಸಿ, "ಇವತ್ತು ಸಾಯೋರು ಯಾರು?" ಅಂತ ಕೇಳುತ್ತಿದ್ದನಂತೆ. ದಾರಿ ತಪ್ಪಿದರೆ ಯಾರು ಒಂದೇ ಕಡೆ ಮಲಗಬೇಕು ಅನ್ನೋ ತೀರ್ಮಾನ ಅದು. ಪ್ರತಿಸಲವೂ ಮಾದಜ್ಜಿಯೇ "ನಾನು" ಅನ್ನುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ಮಾದಜ್ಜಿ ನಿಜವಾಗಿ ಸತ್ತಳು. ರಾಚ ಕೂತು ಬಾರಿಸಿದ. ಊರೆಲ್ಲ ಬಂತು, ಆದರೆ ಯಾರೂ ಅಳಲಿಲ್ಲವಂತೆ. ಯಾರು ಬರೋದು ಬಾಕಿ ಇದೆ ಅಂತ ಒಬ್ಬರ ಮುಖ ಒಬ್ಬರು ನೋಡಿದರು. ಜವರೇಗ ಒಂದು ಬಟ್ಟಲು ಗಂಜಿ ಹಿಡಿದು ತಲೆಯ ಹತ್ತಿರ ಕೂತ. "ಅಜ್ಜೀ, ಎಲ್ಲರೂ ಬಂದ್ರು," ಅಂದ. "ಎಲ್ಲರೂ ಬಂದ್ರು, ಏಳಜ್ಜಿ." ಗಂಜಿ ಕೈಯಲ್ಲೇ ಆರಿ ತಣ್ಣಗಾಯಿತು. ಆಗ ಅವನಿಗೆ ಅಳು ಬಂತು.

ಮುಂದಿನ ಸಲ ಊರವರು ಕಾಡಿಗೆ ಹೊರಟಾಗ ಯಜಮಾನ ಕೇಳಿದ, "ಇವತ್ತು ಸಾಯೋರು ಯಾರು?" "ನಾನು" ಅಂತ ಜವರೇಗ ಮುಂದೆ ಬಂದನಂತೆ.

ಅವರೆಲ್ಲ ಊರು ಸೇರಿದರು, ಕಥೆ ನಿಮ್ಮ ಕಿವಿ ಸೇರಿತು. ನನ್ನ ಗಂಟಲು ಒಣಗಿದೆ, ಯಾರಾದರೂ ಎದ್ದು ಒಂದು ಚೊಂಬು ನೀರು ತನ್ನಿ.