ಹಲಗಿ ಇಟ್ಟ ದಿಬ್ಬ

ಬಾಳಂಬಿಯ ಕೆರೆ ಏರಿ ಪಡುವಣಕ್ಕೆ ಹೊರಳುವಲ್ಲಿ ಬೋಳು ದಿಬ್ಬವೊಂದಿದೆ. ಕೆರೆ ಈಗ ಪಕ್ಷಿಧಾಮ. ಹಿಮಾಲಯದ ಆಚೆಯಿಂದ ಮಾಗಿಯಲ್ಲಿ ಬಂದ ಪಟ್ಟೆತಲೆ ಬಾತುಗಳು ಹೋಳಿಯ ಸುಮಾರಿಗೆ ಹಿಂದಿರುಗುವುದನ್ನು ನೋಡಲು ದುರ್ಬೀನು ಹಿಡಿದವರೆಲ್ಲ ಈ ದಿಬ್ಬಕ್ಕೇ ಬರುತ್ತಾರೆ. ನೆರಳಿಲ್ಲ, ಕೂರಲು ಕಲ್ಲಿಲ್ಲ. ಆದರೆ ಕೆರೆ ಪೂರ್ತಿ ಕಾಣುವ ಜಾಗ ಇದೊಂದೇ. ಇದರ ಹೆಸರು ಹಲಗಿ ಇಟ್ಟ ದಿಬ್ಬ. ಯಾವನೋ ಅರಸ ಇಲ್ಲಿ ಯುದ್ಧದ ಹಲಗಿ, ಅಂದರೆ ತಮಟೆ, ಹೂಳಿಸಿದನೆಂದು ಪಕ್ಕದೂರಿನವರು ಹೇಳುವುದುಂಟು. ಅದು ಶುದ್ಧ ಸುಳ್ಳು. ನಮ್ಮ ದಿಬ್ಬದ ಸಂಗತಿ ನಮಗೆ ಗೊತ್ತು.

ಹಿಂದೆ ಒಮ್ಮೆ ಈ ಊರಿನಲ್ಲಿ ಬರಮಪ್ಪನೆಂಬ ಹಲಗಿ ಬಾರಿಸುವವನಿದ್ದ. ಅವನ ಕೈಗೆ ಸುತ್ತಲ ಸೀಮೆಯಲ್ಲೇ ಸಾಟಿಯಿರಲಿಲ್ಲ; ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಆ ಕಾಲದಲ್ಲಿ ಕೆರೆಯ ತೂಬು ಮುಚ್ಚಲು ಪಂಚಾಂಗ ನೋಡುತ್ತಿರಲಿಲ್ಲ, ಹಕ್ಕಿ ನೋಡುತ್ತಿದ್ದರು. ಬಾತುಗಳಿರುವ ತನಕ ನೀರು ಗದ್ದೆಗೆ. ಅವು ಹೋದ ದಿನವೇ ತೂಬು ಬಂದ್, ಉಳಿದದ್ದು ಬೇಸಿಗೆಗೆ ಜನ ದನಗಳಿಗೆ. ಇದಕ್ಕೆ ಊರಗೌಡನೂ ಅಡ್ಡ ಬರುವಂತಿರಲಿಲ್ಲ ಎನ್ನುತ್ತಾರೆ. ಒಂದು ಹೋಳಿಯ ಮುನ್ನಾದಿನ ಪಕ್ಕದೂರ ಹಲಗಿ ಮೇಳದೊಡನೆ ಪಂಥ ಬಿದ್ದು ಬರಮಪ್ಪ ಈ ದಿಬ್ಬವೇರಿ ಬಾರಿಸಿದ. ಗೆದ್ದ. ಆದರೆ ಬಾತುಗಳೆಲ್ಲ ಬೆದರಿ ಎದ್ದು ಬಡಗಣಕ್ಕೆ ಹಾರಿಹೋದವು. ಕೆರೆಯ ನೀರು ಬಿಡುವ ನೀರಗಂಟಿ ಫಕೀರಪ್ಪ ತೂಬು ಮುಚ್ಚಿಬಿಟ್ಟ. ಕಾಲುವೆಯ ಕಟ್ಟಕಡೆಗೆ ಬರಮಪ್ಪನ ತಂಗಿ ಕಲ್ಲವ್ವನ ಗದ್ದೆ. ತಡವಾಗಿ ನಟ್ಟ ಬತ್ತ ಆಗಷ್ಟೇ ಹಾಲು ತುಂಬುತ್ತಿತ್ತು. ನೀರು ತಪ್ಪಿದರೆ ಎಲ್ಲ ಜೊಳ್ಳು.

“ಅಣ್ಣಾ, ನೀ ಗೆದ್ದಿ. ನನ್ನ ಬತ್ತ ಸೋತ್ತು,” ಎಂದಳು ಕಲ್ಲವ್ವ. ಬರಮಪ್ಪ ನೇರ ಫಕೀರಪ್ಪನ ಬಳಿಗೆ ಹೋದ.

“ಅವು ತಾವಾಗಿ ಎದ್ದಿಲ್ಲರಿ, ನಾ ಎಬ್ಬಿಸೇನಿ. ತಿರುಗಿ ಇಳದ್ರ ತೂಬು ತಗೀತೀರೇನು?”

“ಇಳೀಲಿ, ತಗೀತೀನಿ. ಇಳೀಲಿಲ್ಲಂದ್ರ ನನ್ನ ಕೇಳಬ್ಯಾಡ.”

ಮರುದಿನ ಬಣ್ಣದಾಟ. ಹಲಗಿಯಿಲ್ಲದ ಹೋಳಿ ಯಾರಿಗೆ ಬೇಕು? ಬರಮಪ್ಪ ಮಾತ್ರ, ಸದ್ದಡಗಿದರೆ ಬಾತುಗಳು ತಿರುಗಿ ಬಂದಾವೆಂದು, ಎಲ್ಲರೆದುರು ತನ್ನ ಹಲಗಿಯನ್ನು ದಿಬ್ಬದ ಮೇಲೆ ಬೋರಲು ಇಟ್ಟು ಪಕ್ಕದಲ್ಲಿ ಕುಳಿತ. ಸೋತ ಪಕ್ಕದೂರ ಮೇಳದವರು ನಕ್ಕರು. ಅವನಿಗೆ ನಾಚಿಕೆಯಾಯಿತು, ಆದರೆ ಏಳಲಿಲ್ಲ. ಅದನ್ನು ಕಂಡು ಊರ ಹುಡುಗರೂ ಒಬ್ಬೊಬ್ಬರಾಗಿ ತಮ್ಮ ಹಲಗಿಗಳನ್ನು ತಂದು ಅಲ್ಲೇ ಇಟ್ಟರು. ಊರು ಸದ್ದಿಲ್ಲದೆ ಬಣ್ಣವಾಡಿತು. ಹೊತ್ತು ಇಳಿಯುವಾಗ ಬಡಗಣದಿಂದ ಕೂಗು ಕೇಳಿಸಿತು; ಬಾತುಗಳು ಕೆರೆಯನ್ನು ಸುತ್ತಿ ಸುತ್ತಿ ನೀರಿಗಿಳಿದವು. ಫಕೀರಪ್ಪ ಮಾತು ಉಳಿಸಿಕೊಂಡ. ಕಲ್ಲವ್ವನ ಗದ್ದೆಗೆ ನೀರು ಹರಿಯಿತು, ಕಾಳು ಗಟ್ಟಿಯಾಯಿತು. ಆಮೇಲೊಂದು ಬೆಳಗ್ಗೆ ಬಾತುಗಳು ತಾವಾಗಿಯೇ ಎದ್ದು ಹೋದವು. ಬರಮಪ್ಪ ಹಲಗಿ ಎತ್ತಿ ತಂಗಿಯ ಕೈಗೆ ಕೊಟ್ಟು, “ಮೊದಲ ಪೆಟ್ಟು ನಿಂದವ್ವಾ,” ಎಂದನಂತೆ.

ಇಂದಿಗೂ ಹೋಳಿಗೆ ಬಂದವರು ಈ ದಿಬ್ಬದ ಮೇಲೆ ಬೋರಲಾಗಿ ಇಟ್ಟ ಹಲಗಿಗಳನ್ನು ಕಾಣುತ್ತಾರೆ. ಮಾರಾಟಕ್ಕಿವೆಯೇ ಎಂದು ಕೇಳುವವರೂ ಇದ್ದಾರೆ. ಕೆಲವು ವರ್ಷ ಬಾತುಗಳು ಯುಗಾದಿಯವರೆಗೂ ನಿಲ್ಲುತ್ತವೆ, ಹಲಗಿಗಳೂ ಕಾಯುತ್ತವೆ. ಕೊನೆಯ ಗುಂಪು ಕಣ್ಮರೆಯಾದ ಮೇಲೆ ಕಲ್ಲವ್ವನ ಮನೆತನದ ಹೆಣ್ಣುಮಗಳೊಬ್ಬಳು ದಿಬ್ಬವೇರಿ, ಮೊದಲು ತಿರುಗಿ ಕಾಲುವೆಯ ಕಟ್ಟಕಡೆಯ ಗದ್ದೆಯನ್ನು ನೋಡುತ್ತಾಳೆ. ಆಮೇಲೆ ಹಲಗಿಗೆ ಒಂದು ಪೆಟ್ಟು ಹಾಕುತ್ತಾಳೆ. ಆ ಸದ್ದು ಕೇಳಿದ ಮೇಲೆಯೇ ನೀರಗಂಟಿ ತೂಬು ಮುಚ್ಚುವುದು.