ಖಾಲಿ ಟ್ರೇಲರಿನ ಮಟ್ಟ

ಶ್ರಾವಣದ ಎರಡನೆಯ ಸೋಮವಾರ, ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಆಗಷ್ಟೇ ಎದ್ದಿತ್ತು. ಶಿಷ್ಯ ಮುದ್ದಲಿಂಗ ಬಟ್ಟೆಯ ಗಂಟು ಹಿಡಿದು ಬಂದು ಗುರುಗಳ ಮುಂದೆ ನಿಂತ.

"ಬುದ್ಧಿ, ಸಮಚಿತ್ತ ಎಂಬುದು ನನ್ನಂಥವನಿಗೆ ದಕ್ಕುತ್ತದೆಯೇ? ಮೂರು ವರ್ಷದಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಇವತ್ತು ಬೆಳಿಗ್ಗೆಯೂ ಕೂತಿದ್ದೆ, ಮನಸ್ಸು ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಪಂಕ್ತಿಯಲ್ಲಿ ಒಬ್ಬ ಮುದುಕ ಮೂರನೆಯ ಸಲ ಅನ್ನ ಕೇಳಿದ. 'ಹೊಟ್ಟೆಯೋ, ಕಣಜವೋ' ಎಂದುಬಿಟ್ಟೆ. ಅವನು ಎಲೆ ಬಿಟ್ಟು ಎದ್ದ. ಬೆಳಗಿನ ಶಾಂತಿಯೇ ಸುಳ್ಳಿರಬೇಕು. ಅಪ್ಪಣೆ ಕೊಡಿ, ಊರಿಗೆ ಹೋಗುತ್ತೇನೆ."

"ಹೋಗುವೆಯಂತೆ, ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತ ತನ್ನ ಟ್ರ್ಯಾಕ್ಟರಿಗೆ ಹೊಸ ಟ್ರೇಲರ್ ತಂದ. ಎರಡೇ ಗಾಲಿಯದು. ಮೂತಿ ಏಳದೆ, ತಗ್ಗದೆ ಮಟ್ಟವಾಗಿದ್ದರೆ ಮಾತ್ರ ಅದು ನೆಟ್ಟಗೆ ಹಿಂದೆ ಬರುತ್ತದೆ. ರೈತ ಅಚ್ಚುಕಟ್ಟಿನ ಮನುಷ್ಯ. ಗಾರೆಯವನಿಂದ ರಸಮಟ್ಟ ಕೇಳಿ ತಂದು ಟ್ರೇಲರಿನ ಮೇಲಿಟ್ಟ. ಟ್ರ್ಯಾಕ್ಟರಿನ ಹಿಂದಿನ ಪಟ್ಟಿಯಲ್ಲಿ ಒಂದರ ಮೇಲೊಂದು ತೂತುಗಳಿದ್ದವು. ಟ್ರೇಲರಿನ ಮೂತಿ ಸಿಕ್ಕಿಸುವ ಪಿನ್ನನ್ನು ಒಂದೊಂದಕ್ಕೂ ಹಾಕಿ ತೆಗೆದು, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತ ತೂತಿಗೆ ಕೆಂಪು ಬಣ್ಣ ಬಳಿದ. ಇನ್ನು ಈ ಚಿಂತೆ ಮುಗಿಯಿತು ಎಂದುಕೊಂಡ.

ಒಂದು ದಿನ ಅವನ ಎಮ್ಮೆಗೆ ಹೆರಿಗೆ ನೋವು ಶುರುವಾಯಿತು. ಕರು ಅಡ್ಡ ತಿರುಗಿತ್ತು. ದನದ ಆಸ್ಪತ್ರೆ ಘಾಟಿಯ ಕೆಳಗೆ. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ತಾಯಿ, ಕರು ಎರಡೂ ಉಳಿಯುವ ಹಾಗಿರಲಿಲ್ಲ. ಇಳಿಸಲು ಸುಲಭವಾಗಲೆಂದು ರೈತ ಎಮ್ಮೆಯನ್ನು ಹಿಂಬಾಗಿಲ ಪಕ್ಕದಲ್ಲೇ ಕಟ್ಟಿದ. ಕೆಂಪು ತೂತಿಗೆ ಪಿನ್ನು ಹಾಕಿ ಹೊರಟ.

ಮೊದಲ ಸಣ್ಣ ಇಳಿಜಾರಿನಲ್ಲೇ ಟ್ರೇಲರಿನ ಮೂತಿ ಮೇಲೆದ್ದು, ಹಿಂಭಾಗ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ಸಡಿಲವಾಯಿತು. ರೈತ ಹೇಗೋ ತಡೆದು ಕೆಳಗಿನ ಸಮನೆಲದಲ್ಲಿ ನಿಲ್ಲಿಸಿದ. ದೊಡ್ಡ ಘಾಟಿ ಇನ್ನೂ ಮುಂದಿತ್ತು.

ಎದುರಿನಿಂದ ಎತ್ತಿನ ಗಾಡಿಯವನೊಬ್ಬ ಬಂದ. "ಏನಪ್ಪಾ, ನೀನು ಘಾಟಿಗೆ ಹೊರಟಿದ್ದೀಯ, ನಿನ್ನ ಟ್ರೇಲರು ವಾಪಸ್ ಮನೆಗೆ ಹೊರಟಂತಿದೆ?"

"ಮಟ್ಟ ಸರಿಯಾಗಿಯೇ ಇದೆ ಯಜಮಾನರೇ, ರಸಮಟ್ಟ ಇಟ್ಟು ನೋಡಿದ್ದೇನೆ."

"ಎಮ್ಮೆ ಹತ್ತಿದ ಮೇಲೆ ನೋಡಿದೆಯಾ?"

ರೈತ ಕೆಳಗಿಳಿದು ಬಗ್ಗಿ ನೋಡಿದ. ಇಬ್ಬರೂ ಗಾಲಿಗೆ ಕಲ್ಲು ಕೊಟ್ಟರು. ಎಮ್ಮೆಯನ್ನು ಗಾಲಿಗಳ ಅಚ್ಚಿಗಿಂತ ತುಸು ಮುಂದಕ್ಕೆ ತಂದು, ಅಲ್ಲಾಡದಂತೆ ಕಟ್ಟಿದರು. ಈಗ ಮೂತಿ ಸ್ವಲ್ಪ ತಗ್ಗಿತು. ಜಾಕ್ ಕೊಟ್ಟು ಎತ್ತಿ, ಕೆಂಪು ತೂತು ಬಿಟ್ಟು ಅದರ ಮೇಲಿನ ತೂತಿಗೆ ಪಿನ್ನು ಹಾಕಿದರು. ಟ್ರೇಲರ್ ಮಟ್ಟಕ್ಕೆ ಬಂತು. ರೈತ ನಿಧಾನವಾಗಿ ಘಾಟಿ ಇಳಿದ. ಅದು ಗೆರೆ ಎಳೆದಂತೆ ಹಿಂದೆ ಬಂತು.

ಡಾಕ್ಟರು ಕೈ ಹಾಕಿ ಕರುವನ್ನು ಹೊರಗೆಳೆದರು. ಉಸಿರಾಡುತ್ತಿತ್ತು. ಎಮ್ಮೆ ಅದನ್ನು ನೆಕ್ಕತೊಡಗಿದಾಗ ರೈತ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮರುದಿನ ಕರುವನ್ನೂ ಹತ್ತಿಸಿದ ಮೇಲೆ, ಟ್ರ್ಯಾಕ್ಟರ್ ಏರುವ ಮೊದಲು, ಮತ್ತೆ ಬಗ್ಗಿ ಮಟ್ಟ ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಮುದ್ದಲಿಂಗನಿಗೆ ಅರ್ಥವಾಯಿತು. ಧ್ಯಾನದ ಶಾಂತಿ ಸುಳ್ಳಾಗಿರಲಿಲ್ಲ. ಅದು ಖಾಲಿ ಟ್ರೇಲರಿನ ಮಟ್ಟ, ಅಷ್ಟೆ. ಅವನು ಗಂಟನ್ನು ಕೆಳಗಿಟ್ಟ.

"ಆ ಅಜ್ಜನನ್ನು ಹುಡುಕಿ ಕರೆತಂದು ಬಡಿಸುತ್ತೇನೆ ಬುದ್ಧಿ. ಆದರೆ ಹೀಗೆ ದಿನಕ್ಕೆ ಎಷ್ಟು ಸಲ ಮಟ್ಟ ನೋಡಿಕೊಳ್ಳಬೇಕು?"

ಗುರುಗಳು ಹೇಳಿದರು: "ಇವತ್ತು ಬೆಳಗಿನಿಂದ ಈ ಹೊತ್ತಿಗೆ ನನ್ನದು ಏಳು ಸಲ."