ಬರಿಗೈ ಓಟದ ಚೌಡವ್ವ

ಬಹಳ ಹಿಂದಿನ ಮಾತು. ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಒಂದೂರು. ಆ ಊರಿನ ಕೊನೆಗೆ, ಗುಡ್ಡದ ಬುಡದಲ್ಲಿ, ಒಂದು ನೇಕಾರರ ಓಣಿ. ಈ ಕಡೆ ಒಂದು ಸಾಲು ಮನೆ, ಆ ಕಡೆ ಒಂದು ಸಾಲು ಮನೆ, ಮನೆಗೊಂದು ಮಗ್ಗ. ಉಣ್ಣುವುದು ಉಡುವುದು ಎಲ್ಲ ಆ ಮಗ್ಗದಿಂದಲೇ, ಅದೂ ಅಷ್ಟಕ್ಕಷ್ಟೇ. ಊರವರಿಗೆಲ್ಲ ಸೀರೆ ನೇಯ್ದು ಕೊಟ್ಟು ತಾವು ತೇಪೆ ಹಾಕಿದ್ದನ್ನು ಉಡುವ ಜನ. ಆ ಓಣಿಯಲ್ಲಿ ಚೌಡವ್ವ ಅಂತ ಒಬ್ಬಳಿದ್ದಳಂತೆ.

ಚೌಡವ್ವನ ಕಸುಬು ಹಾಸು ಹಾಕುವುದು. ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳಿಗೆ ಹಾಸು ಅನ್ನುತ್ತಾರೆ. ಆಗ ಅದಕ್ಕೆ ಯಂತ್ರ ಇರಲಿಲ್ಲ. ಓಣಿಯ ಉದ್ದಕ್ಕೂ ಗೂಟ ನೆಟ್ಟು, ಕೈಯಲ್ಲಿ ನೂಲಿನ ಉಂಡೆ ಹಿಡಿದು, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯಬೇಕು. ನಡೆದಳಂತೆ ಚೌಡವ್ವ, ಹುಟ್ಟಿದಾಗಿನಿಂದ ನಡೆದಳಂತೆ. ಅವಳು ಅಷ್ಟನ್ನೂ ನೆಟ್ಟಗೆ ಒಂದೇ ದಾರಿಯಲ್ಲಿ ನಡೆದಿದ್ದರೆ ಕಾಶಿಗೆ ಹೋಗಿ ಬರಬಹುದಿತ್ತು ಅಂತಾರೆ. ಒಬ್ಬರು ಕಾಶಿ ಅಂದರೆ ಇನ್ನೊಬ್ಬರು ಹಿಮಾಲಯ ಅಂತಾರೆ. ನಾನಂತೂ ಅಳೆದಿಲ್ಲ. ಮುದುಕಿಯಾದ ಮೇಲೂ ಗುಡ್ಡದ ಮೇಲಿನ ಗುಡಿಗೆ ಎಲ್ಲೂ ಕೂರದೆ ಹತ್ತುತ್ತಿದ್ದಳಂತೆ, ಅದನ್ನು ಮಾತ್ರ ನಂಬುತ್ತೇನೆ.

ಆ ಓಣಿಯಲ್ಲೊಂದು ಪದ್ಧತಿ ಇತ್ತು. ಮಗ್ಗದ ಕೆಳಗೆ ಕಾಲು ಇಳಿಬಿಡಲು ಒಂದು ಕುಣಿ, ಕುಣಿಯೊಳಗೆ ತುಳಿಯುವ ಹಲಗೆ. ಮಗುವಿನ ಕಾಲು ಯಾವತ್ತು ಆ ಹಲಗೆಗೆ ಎಟುಕಿತೋ ಅವತ್ತಿಗೆ ಆಟ ಮುಗಿಯಿತು. ಗೋಧಿ ಹುಗ್ಗಿ ಮಾಡಿ, ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಹುಗ್ಗಿ ಉಣ್ಣಿಸಿ ಮಗುವನ್ನು ಕುಣಿಯಲ್ಲಿ ಕೂರಿಸುವುದು. ಹೆಣ್ಣಾದರೂ ಅಷ್ಟೇ, ಗಂಡಾದರೂ ಅಷ್ಟೇ. ಹಾಸು ಹಾಕಲು ಒಬ್ಬರು ಬೇಕಲ್ಲ, ಚೌಡವ್ವನೊಬ್ಬಳಿಗೆ ಕುಣಿ ತಪ್ಪಿತ್ತು. ಹನ್ನೊಂದೋ ಹನ್ನೆರಡೋ ವಯಸ್ಸು, ಇಲ್ಲಿ ಕೂತಿರುವ ನಿಮ್ಮಷ್ಟೇ. ಆಮೇಲೆ ಕುಂಟಾಬಿಲ್ಲೆ ಇಲ್ಲ, ಚಿನ್ನಿದಾಂಡು ಇಲ್ಲ. ಹಲಗೆ ತುಳಿಯುವ ಕಾಲು ಬಯಲಲ್ಲಿ ಓಡಿದರೆ ಮಗ್ಗದಲ್ಲಿ ಎಳೆ ಹರಿಯುತ್ತದೆ ಅಂತ ಹಿರಿಯರ ನಂಬಿಕೆ. ಯಾರು ನೋಡಿದ್ದರೋ! ಆದರೂ ನಂಬಿದ್ದರು.

ಕೂತ ಮಕ್ಕಳು ಏನಾಗುತ್ತಿದ್ದರು? ಮುಖ ಬಿಳಿಚಿಕೊಳ್ಳುತ್ತಿತ್ತು, ಬೆನ್ನು ಬಾಗುತ್ತಿತ್ತು, ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು. ನೇಕಾರರ ಮೈಕಟ್ಟೇ ಹಾಗೆ, ದೇವರು ಕೊಟ್ಟದ್ದು ಅಂದುಕೊಂಡು ಓಣಿಯವರು ಸುಮ್ಮನಿದ್ದರು. ಚೌಡವ್ವನೂ ಸುಮ್ಮನಿದ್ದಳಂತೆ, ತನ್ನ ಮೊಮ್ಮಗಳ ಕಾಲು ಹಲಗೆಗೆ ಎಟುಕುವ ತನಕ.

ಮೊಮ್ಮಗಳ ಹೆಸರು ತುಳಸವ್ವ. ಮರಕೋತಿ ಆಟದಲ್ಲಿ ಅವಳನ್ನು ಹಿಡಿದವರೇ ಇರಲಿಲ್ಲವಂತೆ. ಅಂಥವಳು ಹುಗ್ಗಿ ಉಂಡು ಕುಣಿಯಲ್ಲಿ ಕೂತಳು. ಮರುವರ್ಷ ಗುಡ್ಡದ ಗುಡಿಗೆ ಹೊರಟಾಗ ಅರ್ಧ ದಾರಿಯಲ್ಲೇ ಕುಸಿದು ಕೂತಳು. ತುಟಿ ನೀಲಿಗಟ್ಟಿತ್ತು. ಚೌಡವ್ವ ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿದಳು. ಬೆನ್ನ ಮೇಲೆ ಹುಡುಗಿ ಇದ್ದಾಳೋ ಇಲ್ಲವೋ ಅನ್ನುವಷ್ಟು ಹಗುರ. ಈ ಕೂಸು ನನಗೆ ಉಳಿಯುತ್ತದೋ ಇಲ್ಲವೋ ಅಂತ ಮುದುಕಿ ದಾರಿಯುದ್ದಕ್ಕೂ ಅವಳ ಉಸಿರಿಗೆ ಕಿವಿಗೊಟ್ಟೇ ಇಳಿದಳಂತೆ.

ಓಣಿಯಲ್ಲಿ ನ್ಯಾಯ ಹೇಳಿದರೆ ಯಾರು ಕೇಳುತ್ತಾರೆ? ಚೌಡವ್ವ ಒಂದು ಉಪಾಯ ಮಾಡಿದಳು. ಮರುದಿನ ಗೂಟದ ಬುಡದಲ್ಲಿ ಕೂತುಕೊಂಡು, ನನ್ನ ಮೊಣಕಾಲು ಹೋದವು, ಇನ್ನು ನಡೆಯಲಾರೆ, ನೂಲು ಹಿಡಿದು ಓಡಲು ಮಕ್ಕಳನ್ನು ಬೆಳಿಗ್ಗೆ ಒಂದಿಷ್ಟು ಹೊತ್ತು ಕಳಿಸಿ ಅಂದಳು. ಎಳೆಗಳು ಗೋಜಲಾಗದ ಹಾಗೆ ಗೂಟಕ್ಕೆ ಹಾಯಿಸುವ ಬಗೆ ಓಣಿಯಲ್ಲಿ ಅವಳೊಬ್ಬಳಿಗೇ ಗೊತ್ತು. ಹಾಸಿಲ್ಲದೆ ಮಗ್ಗ ನಡೆಯುತ್ತದೆಯೇ? ಓಡಿದರೆ ಎಳೆ ಹರಿಯುತ್ತದೆ ಅನ್ನುವ ನಂಬಿಕೆಯನ್ನು ನುಂಗಿಕೊಂಡು ಕಳಿಸಿದರು. ಕುಣಿಯಲ್ಲಿದ್ದ ಮಕ್ಕಳೆಲ್ಲ ಹೊರಗೆ ಬಂದರು.

ಚೌಡವ್ವ ಎರಡು ಗುಂಪು ಮಾಡಿದಳು. ಯಾರ ಕೈಯಲ್ಲಿ ಎಳೆ ಹರಿಯಿತೋ ಅವರು ಕುಂಟುತ್ತಾ ವಾಪಸ್ಸು ಬರಬೇಕು. ಮೊದಲು ಎಲ್ಲರೂ ಎದೆ ಹಿಡಿದುಕೊಂಡು ನಿಂತರು. ಬರಬರುತ್ತಾ ಓಣಿ ತುಂಬ ನಗು, ಕೂಗು, ಜಗಳ. ಚಳಿಗಾಲ ಮುಗಿಯುವಷ್ಟರಲ್ಲಿ ತುಳಸವ್ವನ ಕೆನ್ನೆಗೆ ಬಣ್ಣ ಬಂತು. ಅವಳು ಓಡಿದರೆ ನೂಲು ಗುಂಯ್ ಅಂತ ಹಾಡುತ್ತಿತ್ತು ಅಂತಾರೆ. ಅಡಿಗೆಗೆ ಉಪ್ಪು ಹಾಕಿದಂತೆ ಹೇಳುವವರು ಅಷ್ಟು ಸೇರಿಸುತ್ತಾರೆ, ಇರಲಿ ಬಿಡಿ.

ಇಲ್ಲಿ ಓಣಿಯವರು ಒಂದು ತಪ್ಪು ಮಾಡಿದರು. ಮಕ್ಕಳು ಓಡಿದ್ದಕ್ಕೆ ಹಾಸು ಬೇಗ ಬೇಗ ಮುಗಿಯುತ್ತಿತ್ತಲ್ಲ, ಹಿರಿಯರ ಕಣ್ಣು ಅದರ ಮೇಲೆ ಬಿತ್ತು. ಗಾಳಿ ಬಂದಾಗ ತೂರಿಕೋ ಅನ್ನುವ ಜನ. ಓಣಿಯ ಯಜಮಾನ ಸಂಕಪ್ಪ, ಒಂದಿಷ್ಟು ಹೊತ್ತು ಯಾಕೆ, ಮಧ್ಯಾಹ್ನದ ತನಕ ಓಡಲಿ ಅಂದ. ಪಕ್ಕದ ಊರಿನ ನೂಲನ್ನೂ ತರಿಸಿದ. ಮಧ್ಯಾಹ್ನದ ತನಕ ಓಟ, ಆಮೇಲೆ ಕುಣಿ. ಅಂಗಾಲು ಬಿರಿದವು. ಎಳೆ ಹರಿದರೆ ಈಗ ಕುಂಟುವುದಲ್ಲ, ಏಟು. ನಗುವುದನ್ನು ಮಕ್ಕಳು ಯಾವಾಗ ಬಿಟ್ಟರೋ ಯಾರೂ ಗಮನಿಸಲಿಲ್ಲ.

ಒಂದು ದಿನ ತುಳಸವ್ವ ಓಣಿಯ ನಡುವೆ ನೂಲಿನ ಉಂಡೆ ಕೆಳಗಿಟ್ಟು ನಿಂತುಬಿಟ್ಟಳು.

"ಆಯಿ, ನಾ ಒಲ್ಲೆ. ನನ್ನ ಕುಣಿಯಾಗ ಕುಂದರ್ಸು. ಅಲ್ಲಿ ಕುಂತರ ಯಾರೂ ಓಡು ಅನ್ನಂಗಿಲ್ಲ."

ಚೌಡವ್ವನಿಗೆ ಆ ಮಾತು ಕರುಳಿಗೇ ತಾಗಿತು. ಅವಳು ಎದ್ದಳು. ಒಂದೊಂದಾಗಿ ಗೂಟ ಕಿತ್ತಳು. ಎಲ್ಲವನ್ನೂ ಹೊರೆ ಕಟ್ಟಿ, ಓಣಿಯ ನಡುವೆ ಹಾಕಿ, ಅದರ ಮೇಲೆ ಕೂತಳು. ಬೈದರು, ಏಳಲಿಲ್ಲ. ಬೇಡಿಕೊಂಡರು, ಏಳಲಿಲ್ಲ. ಮಗ್ಗಗಳಲ್ಲಿದ್ದ ಹಾಸು ತೀರುತ್ತಾ ಬಂತು. ಒಂದು ಮನೆಯ ಮಗ್ಗ ನಿಂತಿತು, ಇನ್ನೊಂದು ಮನೆಯದು ನಿಂತಿತು. ಕೊನೆಗೆ ಲಾಳಿಯ ಸದ್ದೇ ಇಲ್ಲದೆ ಓಣಿ ಬಿಕೋ ಅನ್ನತೊಡಗಿತಂತೆ. ಸಂಕಪ್ಪ ಬಂದು ಎದುರು ನಿಂತು, ನಿನಗೇನು ಬೇಕು ಅಂತ ಕೇಳಿದ. ನನ್ನ ಮೊಣಕಾಲು ಸರಿಯಾಗೇ ಇವೆ, ಓಣಿಯ ಹಾಸು ಮೊದಲಿನಂತೆ ನಾನೇ ನಡೆದು ಹಾಕುತ್ತೇನೆ, ದಿನಾ ಬೆಳಿಗ್ಗೆ ಮಕ್ಕಳನ್ನು ಬರಿಗೈಯಲ್ಲಿ ಓಡಲು ಬಿಡಿ ಅಂದಳು.

"ಬರಿಗೈಲೆ ಓಡಿದ್ರ ಏನ್ ಸಿಗತೈತಿ ಅಕ್ಕಾ?"

"ಆ ಬಾವಿಕಟ್ಟಿ ತನಕ ನೀ ಒಮ್ಮೆ ಓಡಿ ಬಾರಪ್ಪಾ. ಆಮ್ಯಾಲ ಕೇಳು."

ಯಜಮಾನ ಓಡುವುದೇ? ಆದರೆ ಊರಿಗೆ ಊರೇ ನೋಡುತ್ತಿದೆ, ಮಗ್ಗ ನಿಂತಿದೆ. ಸಂಕಪ್ಪ ಕಚ್ಚೆ ಬಿಗಿದು ಓಡಿದ. ಅದೇನು ಓಟವೋ! ಒಂದು ಕೈ ಕಚ್ಚೆ ಹಿಡಿದಿದೆ, ಇನ್ನೊಂದು ಕೈ ರುಮಾಲು ಹಿಡಿದಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬಾವಿಕಟ್ಟೆ ಮುಟ್ಟಿ ಅಲ್ಲೇ ಧೊಪ್ಪೆಂದು ಕೂತ. ಉಸಿರು ಸಿಗುತ್ತಿಲ್ಲ, ಆದರೂ ನಗುತ್ತಿದ್ದಾನೆ. ಅವನು ನಕ್ಕದ್ದನ್ನು ಅವನ ಹೆಂಡತಿಯೂ ನೋಡಿರಲಿಲ್ಲ ಅಂತಾರೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

"ನಾ ಕಡೀಕ ಓಡಿದ್ದು ಹುಗ್ಗಿ ಉಂಡ ದಿನಾ ಮುಂಜಾನಿ," ಅಂದನಂತೆ.

ಅಷ್ಟೇ. ಲಾಳಿ ಆಡುವ ಮೊದಲು ಮಕ್ಕಳು ಓಡಲಿ, ಓಡುವ ಮಕ್ಕಳಿಗೆ ಯಾರೂ ಯಾವ ಕೆಲಸವನ್ನೂ ಹೇಳಕೂಡದು, ಒಂದು ಕೊಡ ನೀರು ತಾ ಅಂತಲೂ ಹೇಳಕೂಡದು ಅಂತ ಓಣಿಯಲ್ಲಿ ಡಂಗುರ ಹೊಡೆಸಿದ.

ಮರುದಿನ ಬೆಳಗಾಯಿತು. ಒಂದು ಮಗುವೂ ಓಡಲಿಲ್ಲ! ಬಾಗಿಲಲ್ಲಿ ನಿಂತು ದೊಡ್ಡವರ ಕೈ ನೋಡುತ್ತಿವೆ. ಎಲ್ಲಿ ನೂಲಿನ ಉಂಡೆ ಬಚ್ಚಿಟ್ಟಿದ್ದಾರೋ, ಓಡಿದ ಮೇಲೆ ಎಲ್ಲಿ ಹಿಡಿಸುತ್ತಾರೋ ಅಂತ ಅನುಮಾನ. ಒಮ್ಮೆ ಮೋಸ ಹೋದ ಮಕ್ಕಳು ಅವು, ಅನುಮಾನ ಪಡದೆ ಏನು ಮಾಡುತ್ತವೆ? ತುಳಸವ್ವ ಹೊಸ್ತಿಲು ಕೂಡ ದಾಟಲಿಲ್ಲ.

ಚೌಡವ್ವ ಮೊಮ್ಮಗಳ ಎದುರು ಬಂದು ನಿಂತು ಎರಡೂ ಅಂಗೈ ಚಾಚಿದಳು. ನೂಲು ಹಿಡಿದು ಹಿಡಿದು ಗೆರೆ ಬಿದ್ದ ಅಂಗೈ. ತಿರುಗಿಸಿ ತೋರಿಸಿದಳು, ಸೆರಗು ಬಿಚ್ಚಿ ಕೊಡವಿ ತೋರಿಸಿದಳು. ಏನೂ ಇರಲಿಲ್ಲ. ತುಳಸವ್ವ ಬಹಳ ಹೊತ್ತು ನೋಡಿದಳಂತೆ. ಆಮೇಲೆ ಹೊಸ್ತಿಲು ದಾಟಿ ಓಡಿದಳು. ಅವಳ ಹಿಂದೆ ಓಣಿಯ ಮಕ್ಕಳೆಲ್ಲ ಓಡಿದರು.

ತುಳಸವ್ವ ಮುದುಕಿಯಾಗುವಷ್ಟು ಕಾಲ ಬದುಕಿದಳು ಅಂತಾರೆ. ಚೌಡವ್ವ ಯಾವಾಗ ಹೋದಳೋ ಯಾರೂ ಹೇಳುವುದಿಲ್ಲ. ಅವಳಿಗೆ ಗುಡಿ ಕಟ್ಟಿಲ್ಲ, ಕಲ್ಲು ನಿಲ್ಲಿಸಿಲ್ಲ. ಹಾಸು ಈಗ ಯಂತ್ರ ಹಾಕುತ್ತದೆ. ಆದರೆ ಆ ಓಣಿಯಲ್ಲಿ ಇವತ್ತಿಗೂ ಹೊತ್ತು ಹುಟ್ಟಿದ ಮೇಲೆ ಮನೆಯ ಹಿರಿಯರು ಬಾಗಿಲಿಗೆ ಬಂದು, ಮಕ್ಕಳ ಮುಂದೆ ಎರಡೂ ಅಂಗೈ ಬಿಚ್ಚಿ ತೋರಿಸುತ್ತಾರೆ. ಮಕ್ಕಳು ನೋಡುತ್ತಾರೆ, ಆಮೇಲೆ ಓಡುತ್ತಾರೆ.

ನೀವಿನ್ನೂ ಕೂತೇ ಇದ್ದೀರಲ್ಲ? ಇಗೋ, ನೋಡಿ ನನ್ನ ಕೈ. ಈ ಕಡೆಯೂ ನೋಡಿ. ಹೂಂ, ಏಳಿ.